ಜವಳಗಿರಿಯಲ್ಲಿ ಕಸ್ಟರ್ಡ್ ಸ್ಲೈಸ್: ಬಳಕೆದಾರರ ಕೈಪಿಡಿ

ಕಸ್ಟರ್ಡ್ ಸ್ಲೈಸನ್ನು ಮನೆಯಲ್ಲೇ ಮಾಡುವ ತೀರ್ಮಾನಕ್ಕೆ ಬಂದ ತಮಗೆ ಅಭಿನಂದನೆಗಳು. ಕೆಲಸಕ್ಕೆ ಕೈಹಾಕುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳತಕ್ಕದ್ದು. ಓದುವುದಿಲ್ಲವೆಂದು ಗೊತ್ತು. ಮಿಕ್ಸಿಯ ಜೊತೆ ಬಂದ ಪುಸ್ತಕವನ್ನೂ ನೀವು ಓದಲಿಲ್ಲ. ಅದು ಇವತ್ತಿಗೂ ಗ್ಯಾಸ್ ಬುಕ್ಕಿನ ಜೊತೆ ರಬ್ಬರ್ ಬ್ಯಾಂಡ್ ಹಾಕಿಸಿಕೊಂಡು ಬೀರುವಿನಲ್ಲಿ ಕೂತಿದೆ. ಆದರೂ ಹೇಳುವುದು ನಮ್ಮ ಧರ್ಮ.

ಉತ್ಪನ್ನದ ವಿವರ

ಕೆಳಗೆ ಪದರ ಪದರವಾಗಿ ಉಬ್ಬಿ ಗರಿಗರಿಯಾದ ಮೈದಾ ಹಾಸು. ಅದರ ಮೇಲೆ ಎರಡು ಬೆರಳೆತ್ತರ ನಿಂತ ಹಳದಿ ಕಸ್ಟರ್ಡ್. ಅದರ ಮೇಲೆ ಮತ್ತೊಂದು ಹಾಸು, ನೆತ್ತಿಗೆ ಸಕ್ಕರೆ ಪುಡಿ. ಚೌಕಾಕಾರಕ್ಕೆ ಕತ್ತರಿಸಿ ತಟ್ಟೆಗೆ ಇಟ್ಟರೆ ಯಾರ ಆಸರೆಯೂ ಇಲ್ಲದೆ ನಿಲ್ಲಬೇಕು. ಕಚ್ಚಿದಾಗ ಹಾಸು ಸದ್ದು ಮಾಡಬೇಕು, ಕಸ್ಟರ್ಡ್ ಸದ್ದಿಲ್ಲದೆ ಕರಗಬೇಕು, ಎರಡೂ ಒಂದೇ ತುತ್ತಿನಲ್ಲಿ. ಆ ಒಂದು ತುತ್ತಿಗಾಗಿ ಮುಂದಿನ ರಗಳೆಯೆಲ್ಲ.

ಲೋಕದಲ್ಲಿ ಇದಕ್ಕೆ ಬಂಧುಬಳಗ ದೊಡ್ಡದು. ಫ್ರಾನ್ಸಿನವರು ಮಿಲ್‌ಫೊಯಿ ಎಂದು ಮೂರು ಹಾಸಿನದ್ದನ್ನು ಮಾಡುತ್ತಾರೆ. ಸ್ಲೊವೇನಿಯಾದ ಬ್ಲೆಡ್ ಎಂಬ ಸರೋವರದೂರಿನ ಪಾರ್ಕ್ ಹೋಟೆಲ್ಲಿನಲ್ಲಿ 1953ರಿಂದ ಮಾಡಿಕೊಂಡು ಬಂದದ್ದು ಎಷ್ಟು ಹೆಸರಾಯಿತೆಂದರೆ ಕೆರೆ ನೋಡಲು ಬಂದವರು ತಟ್ಟೆ ನೋಡಿಕೊಂಡು ಹೋಗುತ್ತಾರೆ. ನಮಗೆ ಹತ್ತಿರದ್ದು ಆಸ್ಟ್ರೇಲಿಯಾದ ಸಂಗತಿ. ವಿಕ್ಟೋರಿಯಾ ರಾಜ್ಯದಲ್ಲಿ ಊಯೆನ್ ಅಂತ ಒಂದೂರು. ಗೋಧಿ, ಕುರಿ, ಒಣಹವೆ. ನೋಡಲು ಬೇರೇನೂ ಇಲ್ಲ. ಆ ರಾಜ್ಯದ ಮುಖ್ಯಸ್ಥರೊಬ್ಬರು ಅಲ್ಲಿನ ಬೇಕರಿಯ ಸ್ಲೈಸನ್ನು ತಿಂದು ಹೊಗಳಿದ್ದೇ ನೆಪವಾಗಿ 1998ರಲ್ಲಿ ದೇಶಮಟ್ಟದ ಕಸ್ಟರ್ಡ್ ಸ್ಲೈಸ್ ಸ್ಪರ್ಧೆಯೊಂದು ಶುರುವಾಯಿತು. ತೀರ್ಪುಗಾರರು ಸಾಲಾಗಿ ನಿಂತು ಕಸ್ಟರ್ಡ್ ನುಣುಪಾಗಿದೆಯೇ, ಹಾಸು ಗರಿಗರಿಯಾಗಿದೆಯೇ ಎಂದು ಅಂಕ ಹಾಕುತ್ತಿದ್ದರು. ಒಣಬೇಸಾಯದ ಊರೊಂದು ಹೀಗೆ ಹೆಸರು ಮಾಡಬಹುದಾದರೆ ನಮ್ಮದೇನು ಕಡಿಮೆ?

ಬಳಕೆಯ ಸ್ಥಳ

ಈ ಕೈಪಿಡಿ ಜವಳಗಿರಿಗೆ ಮಾತ್ರ ಅನ್ವಯ. ಕೃಷ್ಣಗಿರಿ ಜಿಲ್ಲೆ, ಡೆಂಕಣಿಕೋಟೆ ಸೀಮೆ, ಮಗ್ಗುಲಲ್ಲೇ ಕಾಡು, ಕಾಡಿನಾಚೆ ಬನ್ನೇರುಘಟ್ಟ. 1965ರವರೆಗೆ ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, 2004ರ ಫೆಬ್ರವರಿಯಿಂದ ಕೃಷ್ಣಗಿರಿ. ಜಿಲ್ಲೆ ಬದಲಾದಷ್ಟು ಸಲೀಸಾಗಿ ಮನೆಮಾತು ಬದಲಾಗಲಿಲ್ಲ. ಅಡುಗೆಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ತಮಿಳು, ದನದ ವ್ಯಾಪಾರಕ್ಕೆ ತೆಲುಗು. ಕಸ್ಟರ್ಡ್ ತಳ ಹಿಡಿದಾಗ ಮೂರೂ.

ಪಕ್ಕದ ತಳ್ಳಿಯನ್ನು ಬ್ರಿಟಿಷರು ಅದರ ತಂಪಿಗೆ ಸೋತು ಲಿಟಲ್ ಇಂಗ್ಲೆಂಡ್ ಎಂದು ಕರೆದರಂತೆ. ಹೆಸರಿಟ್ಟವರು ಒಂದು ಓವನ್ ಕೂಡ ಇಟ್ಟುಹೋಗಿದ್ದರೆ ನಮ್ಮ ಕೆಲಸ ಹಗುರಾಗುತ್ತಿತ್ತು.

ಇಷ್ಟನ್ನು ಹೇಳಲು ಕಾರಣವಿದೆ. ಈ ತಿಂಡಿಯ ವಿಧಾನ ಬರೆದವರೆಲ್ಲ ತಣ್ಣಗಿನ ಕೋಣೆ, ಕೈಕೊಡದ ಕರೆಂಟು, ಗ್ರಾಂ ಲೆಕ್ಕದ ತಕ್ಕಡಿ ಮತ್ತು ಯಾರೂ ನಡುವೆ ಬಂದು ಕಾಫಿ ಕೇಳದ ಮಧ್ಯಾಹ್ನ, ಇವು ನಾಲ್ಕೂ ನಮ್ಮ ಬಳಿ ಇವೆಯೆಂದು ನಂಬಿ ಬರೆದಿದ್ದಾರೆ. ತಕ್ಕಡಿಯೊಂದನ್ನು ಕೊಂಡುಕೊಳ್ಳಬಹುದು. ಉಳಿದ ಮೂರಕ್ಕೆ ಹೊತ್ತು ನೋಡಿ ಹೊಂಚಬೇಕು.

ಕಾಲ ನಿರ್ಣಯ

ಬೆಣ್ಣೆ ಪೂರ್ತಿ ಕರಗುವುದು 32 ಡಿಗ್ರಿಯ ಆಸುಪಾಸಿನಲ್ಲಿ. ಆದರೆ ಹಿಟ್ಟಿನ ನಡುವೆ ಮಡಿಚಲು ಬಾರದಷ್ಟು ಅದು ಮೆತ್ತಗಾಗುವುದು 20 ಡಿಗ್ರಿ ದಾಟಿದ ಕೂಡಲೇ. ಆದ್ದರಿಂದ ಏಪ್ರಿಲ್, ಮೇ ತಿಂಗಳುಗಳು ಪಟ್ಟಿಯಿಂದ ಹೊರಗೆ. ಆಷಾಢದಲ್ಲಿ ಬೆಣ್ಣೆ ಸುಮ್ಮನಿದ್ದರೂ ಗಾಳಿಯ ತೇವ ಬೆಂದ ಹಾಸನ್ನು ಸಂಜೆಯೊಳಗೆ ಮೆತ್ತಗೆ ಮಾಡಿಬಿಡುತ್ತದೆ.

ಪ್ರಶಸ್ತ ಕಾಲ ಧನುರ್ಮಾಸ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಈ ಎತ್ತರದ ಸೀಮೆಯಲ್ಲಿ ಬೆಳಗಿನ ಜಾವ ಬೆಣ್ಣೆಗೆ ಚಾಕು ಇಳಿಯುವುದಿಲ್ಲ. ಇನ್ನೊಂದು ಅನುಕೂಲ: ಹುಗ್ಗಿ ನೈವೇದ್ಯಕ್ಕೆಂದು ಮನೆಯವರು ಹೇಗೂ ನಾಲ್ಕಕ್ಕೇ ಎದ್ದಿರುತ್ತಾರೆ. ಹುಗ್ಗಿ ಒಲೆಯಿಂದ ಇಳಿದು ದೇವರ ಕೋಣೆಗೆ ಹೋದ ಮೇಲೆ ಅಡುಗೆಮನೆ ಖಾಲಿ. ಅಲ್ಲಿಂದ ಕಾಫಿಯ ಕೂಗು ಏಳುವವರೆಗೆ ಸಿಗುವ ಹೊತ್ತೇ ಬಂಡವಾಳ.

ಅಡಚಣೆ ಒಂದೇ. ಬೆಣ್ಣೆ ಗಟ್ಟಿಯಾಗುವ ಕಾಲಕ್ಕೇ ರಾಗಿ ಕೊಯ್ಲಿಗೆ ಬರುತ್ತದೆ. ರಾಗಿ ಬರುವ ಕಾಲಕ್ಕೇ ಆನೆ ಬರುತ್ತದೆ. ಬನ್ನೇರುಘಟ್ಟದ ಕಡೆಯಿಂದ ಜವಳಗಿರಿ ಕಾಡಿಗೆ ಹಿಂಡು ದಾಟುವುದು ಹಿಂದಿನಿಂದ ಬಂದ ದಾರಿ. 2014ರಲ್ಲಿ ಈ ಕಾಡನ್ನೂ ಸೇರಿಸಿ ಕಾವೇರಿ ಉತ್ತರ ವನ್ಯಜೀವಿಧಾಮ ಎಂದು ಘೋಷಿಸಿದರು; ಆನೆಗೆ ಆ ಗೆಜೆಟ್ ತಲುಪಿದಂತಿಲ್ಲ, ಅದು ಎಲ್ಲೆ ನೋಡದೆ ಹೊಲಕ್ಕೂ ಇಳಿಯುತ್ತದೆ. ಹಾಗಾಗಿ ನಿಯಮ: ಹಿಟ್ಟು ಮಡಿಸುವಾಗ ಹೊಲದ ಕಡೆಯಿಂದ ಕೂಗು, ಪಟಾಕಿ ಸದ್ದು ಕೇಳಿದರೆ ಹಿಟ್ಟನ್ನು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿಗಿಡಿ, ಅದು ಕಾಯುತ್ತದೆ. ಕಸ್ಟರ್ಡ್ ಒಲೆಯ ಮೇಲಿದ್ದರೆ ಒಲೆ ಆರಿಸಿ, ಅದು ಕಾಯುವುದಿಲ್ಲ, ಮತ್ತೆ ಮಾಡಬೇಕು. ಯಾವ ಕಾರಣಕ್ಕೂ ನೋಡಲು ಹೊರಗೆ ಹೋಗಬೇಡಿ. ಇದರಲ್ಲಿ ತಮಾಷೆಯಿಲ್ಲ: ಆನೆಗೆ ಸಿಕ್ಕಿ ಹೋದ ಜೀವಗಳೂ, ಬೇಲಿಯ ಕರೆಂಟಿಗೆ ಸಿಕ್ಕಿ ಸತ್ತ ಆನೆಗಳೂ ಈ ಸೀಮೆಯ ಲೆಕ್ಕದಲ್ಲಿವೆ.

ಬಿಡಿಭಾಗಗಳು

ಹಾಸಿಗೆ: ಮೈದಾ 200 ಗ್ರಾಂ, ಬೆಣ್ಣೆ 175 ಗ್ರಾಂ, ಉಪ್ಪು ಅರ್ಧ ಚಮಚ, ನಿಂಬೆರಸ ಒಂದು ಚಮಚ, ತಣ್ಣೀರು ಸುಮಾರು 100 ಮಿಲಿ. ಕಸ್ಟರ್ಡಿಗೆ: ಹಾಲು ಮುಕ್ಕಾಲು ಲೀಟರ್, ಸಕ್ಕರೆ 130 ಗ್ರಾಂ, ಕಾರ್ನ್‌ಫ್ಲೋರ್ 60 ಗ್ರಾಂ, ಕಸ್ಟರ್ಡ್ ಪುಡಿ 40 ಗ್ರಾಂ, ಬೆಣ್ಣೆ 40 ಗ್ರಾಂ, ವೆನಿಲ್ಲಾ ಒಂದು ಚಮಚ, ಬೇಕಿದ್ದರೆ ಎರಡು ಮೊಟ್ಟೆಯ ಹಳದಿ. 20 ಸೆಂಟಿಮೀಟರಿನ ಚೌಕ ಟ್ರೇಗೆ ಈ ಅಳತೆ.

ಬೆಣ್ಣೆಯ ವಿಷಯದಲ್ಲಿ ಮನೆಯಲ್ಲಿ ಜಗಳ ಖಂಡಿತ. ಮೂರು ಹಸು ಕಟ್ಟಿರುವ ಮನೆಯಲ್ಲಿ ಪ್ಯಾಕೆಟ್ ಬೆಣ್ಣೆ ತಂದರೆ ಹಸುವಿಗೂ ಅವಮಾನ, ಅತ್ತೆಗೂ ಅವಮಾನ. ಆದರೆ ವಿಚಾರ ಹೀಗಿದೆ. ಅಂಗಡಿಯ ಟೇಬಲ್ ಬಟರಿನಲ್ಲಿ ನೂರಕ್ಕೆ 80 ಭಾಗ ಕೊಬ್ಬಿರಲೇಬೇಕೆಂಬ ಕಟ್ಟಳೆಯಿದೆ. ಕಡೆದು ತೆಗೆದ ಬೆಣ್ಣೆಗೆ ಯಾವ ಕಟ್ಟಳೆ? ಅದರ ಹೊಟ್ಟೆಯಲ್ಲಿ ಮಜ್ಜಿಗೆ ನಿಂತಿರುತ್ತದೆ, ಮಡಿಸುವಾಗ ಹಿಟ್ಟಿಗೆ ಜಿನುಗುತ್ತದೆ, ಪದರ ಒಂದಕ್ಕೊಂದು ಅಂಟುತ್ತದೆ. ಮನೆಯದ್ದೇ ಆಗಬೇಕೆಂದರೆ ಹಿಂದಿನ ರಾತ್ರಿ ತಣ್ಣೀರಿನಲ್ಲಿ ನಾಲ್ಕೈದು ಸಲ ತೊಳೆದು, ನೀರು ತಿಳಿಯಾಗುವವರೆಗೆ ಹಿಸುಕಿ, ಬಟ್ಟೆಯಲ್ಲಿ ಒತ್ತಿ, ಚಪ್ಪಟೆ ಮಾಡಿ ಫ್ರಿಜ್ಜಿನಲ್ಲಿಡಿ. ಘಮದಲ್ಲಿ ಪ್ಯಾಕೆಟ್ ಇದರ ಹತ್ತಿರವೂ ಸುಳಿಯದು.

ಪ್ಯಾಕೆಟ್ ಪಕ್ಷದವರು ಆವಿನ್ ಆದರೂ ನಂದಿನಿ ಆದರೂ ಉಪ್ಪಿಲ್ಲದ್ದನ್ನು ನೋಡಿ ತರಬೇಕು. ಡೆಂಕಣಿಕೋಟೆಯಿಂದಲೋ ಹೊಸೂರಿನಿಂದಲೋ ತರುವುದಾದರೆ ಟಿಫನ್ ಕ್ಯಾರಿಯರಿನ ಕೆಳಡಬ್ಬಿಗೆ ಐಸ್, ಮೇಲ್ಡಬ್ಬಿಗೆ ಬೆಣ್ಣೆ. ತಮಿಳುನಾಡಿನಲ್ಲಿ 2021ರಿಂದ ಟೌನ್ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಆದ್ದರಿಂದ ಬೆಣ್ಣೆ ತರುವ ಕೆಲಸ ಯಾರ ಪಾಲಿಗೆ ಬೀಳುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಎಂಜಿನ್ ಪಕ್ಕದ ಸೀಟಿನಲ್ಲಿ ಕೂರಬೇಡಿ.

ಮೊಟ್ಟೆ ನಾಮಕ್ಕಲ್ಲಿನದು, ಧಾರಾಳವಾಗಿ ಸಿಗುತ್ತದೆ. ಸೋಮವಾರ, ಶನಿವಾರ, ಏಕಾದಶಿ, ಧನುರ್ಮಾಸ ಎಲ್ಲ ಕಳೆದು ಉಳಿದ ದಿನ ಸಿಕ್ಕರೆ ಹಾಕಿ. ಸಿಗದಿದ್ದರೆ ಚಿಂತೆಯಿಲ್ಲ. ಕಸ್ಟರ್ಡ್ ಪುಡಿ ಹುಟ್ಟಿದ್ದೇ ಮೊಟ್ಟೆ ಒಲ್ಲದ ಮನೆಯಲ್ಲಿ. 1837ರಲ್ಲಿ ಬರ್ಮಿಂಗ್‌ಹ್ಯಾಮಿನ ಆಲ್ಫ್ರೆಡ್ ಬರ್ಡ್ ಎಂಬ ಔಷಧಿ ವ್ಯಾಪಾರಿ, ಹೆಂಡತಿಗೆ ಮೊಟ್ಟೆ ಆಗಿಬರುವುದಿಲ್ಲವೆಂದು ಜೋಳದ ಪಿಷ್ಟಕ್ಕೆ ಬಣ್ಣ, ಪರಿಮಳ ಸೇರಿಸಿ ಈ ಪುಡಿ ಮಾಡಿಕೊಟ್ಟ. ನಮ್ಮ ಮದುವೆಮನೆಗಳ ಫ್ರೂಟ್ ಸಲಾಡೆಲ್ಲ ಆ ತಾಯಿಯ ಅಲರ್ಜಿಯ ಪ್ರಸಾದ.

ಹಾಸು ಮಾಡುವ ವಿಧಾನ

ಮೈದಾ, ಉಪ್ಪಿಗೆ 25 ಗ್ರಾಂ ಬೆಣ್ಣೆ ಉಜ್ಜಿ, ನಿಂಬೆರಸ ಬೆರೆಸಿದ ತಣ್ಣೀರಿನಲ್ಲಿ ಹಿಟ್ಟು ಕಲಸಿ. ಚಪಾತಿ ಹಿಟ್ಟಿಗೆ ನಾದುವ ಕೈಗೆ ಇಲ್ಲಿ ರಜೆ. ಹೆಚ್ಚು ನಾದಿದರೆ ಮೈದಾದ ಜಿಗುಟು ಎದ್ದು, ಲಟ್ಟಿಸಿದಷ್ಟೂ ಹಿಂದಕ್ಕೆ ಕುಗ್ಗುತ್ತದೆ. ಉಂಡೆಯಾದರೆ ಸಾಕು, ಅರ್ಧ ಗಂಟೆ ಫ್ರಿಜ್ಜಿನಲ್ಲಿ ಬಿಡಿ.

ಉಳಿದ 150 ಗ್ರಾಂ ಬೆಣ್ಣೆಯನ್ನು ಎರಡು ಪ್ಲಾಸ್ಟಿಕ್ ಹಾಳೆಯ ನಡುವೆ ಇಟ್ಟು ಲಟ್ಟಣಿಗೆಯಿಂದ ಬಡಿದು ಅಂಗೈಯಗಲದ ಚೌಕ ಮಾಡಿ. ಬೆಳಗಿನ ಜಾವ ಐದಕ್ಕೆ ಈ ಬಡಿತ ಕೇಳಿ ಪಕ್ಕದ ಮನೆಯವರು ಆನೆ ಓಡಿಸುತ್ತಿದ್ದಾರೆಂದು ತಿಳಿಯುವ ಸಂಭವವಿದೆ. ಹಿಂದಿನ ದಿನವೇ ಹೇಳಿರಿ. ಹಿಟ್ಟನ್ನು ಅದಕ್ಕಿಂತ ದೊಡ್ಡ ಚೌಕವಾಗಿ ಲಟ್ಟಿಸಿ, ನಡುವೆ ಬೆಣ್ಣೆಯಿಟ್ಟು ನಾಲ್ಕು ಮೂಲೆಯನ್ನೂ ಒಳಕ್ಕೆ ಮುಚ್ಚಿ. ಈಗ ಉದ್ದಕ್ಕೆ ಲಟ್ಟಿಸಿ, ಮೂರು ಮಡಿಕೆ ಮಾಡಿ. ತಿರುಗಿಸಿ, ಮತ್ತೆ ಲಟ್ಟಿಸಿ, ಮತ್ತೆ ಮೂರು ಮಡಿಕೆ. ಎರಡು ಸರದಿಗೊಮ್ಮೆ ಅರ್ಧ ಗಂಟೆ ಫ್ರಿಜ್ಜು. ಶಾಸ್ತ್ರದ ಪ್ರಕಾರ ಆರು ಸರದಿ: ಮೂರನ್ನು ಆರು ಸಲ ಗುಣಿಸಿದರೆ 729 ಪದರ. ನನ್ನ ಅಭಿಪ್ರಾಯದಲ್ಲಿ ಸ್ಲೈಸಿಗೆ ನಾಲ್ಕೇ ಸಾಕು, 81 ಪದರ. ಹೇಗೂ ಬೇಯಿಸುವಾಗ ಮೇಲೊಂದು ಟ್ರೇ ಹೇರಿ ಅದರ ಹಾರಾಟ ಅಡಗಿಸುತ್ತೇವೆ. 729 ಬೇಕೆನ್ನುವುದು ಬರೀ ಜಂಬ.

ಪದರ ಏಳುವುದರ ಗುಟ್ಟು ಇಷ್ಟು. ಓವನ್ನಿನ ಬಿಸಿಗೆ ಹಿಟ್ಟಿನ, ಬೆಣ್ಣೆಯ ನೀರು ಆವಿಯಾಗಿ ಸಾವಿರದಾರುನೂರು ಪಾಲಿಗೂ ಮಿಕ್ಕಿ ಹಿಗ್ಗಲು ನೋಡುತ್ತದೆ. ಪದರಗಳ ನಡುವೆ ಕೊಬ್ಬು ಅಡ್ಡ ಕೂತಿರುವುದರಿಂದ ಅವು ಒಂದಕ್ಕೊಂದು ಕೂಡಿಕೊಳ್ಳದೆ ಆವಿಯ ಒತ್ತಡಕ್ಕೆ ಬಿಡಿಬಿಡಿಯಾಗಿ ಮೇಲೇಳುತ್ತವೆ. ಬೆಣ್ಣೆ ಮೊದಲೇ ಕರಗಿ ಹಿಟ್ಟಿಗೆ ಇಳಿದುಬಿಟ್ಟಿದ್ದರೆ ಅಡ್ಡ ಕೂರುವವರಿಲ್ಲ. ಸಿಗುವುದು ಮೈದಾ ಬಿಸ್ಕತ್ತು.

ಈ ಹಂತದಲ್ಲಿ ಮನೆಯ ಹಿರಿಯರಲ್ಲಿ ಒಬ್ಬರು ಬಂದು, ಇದೇನು ಹೊಸದು, ನಮ್ಮ ಚಿರೋಟಿ ಅಲ್ಲವಾ, ಎನ್ನುತ್ತಾರೆ. ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ತುಪ್ಪ, ಅಕ್ಕಿಹಿಟ್ಟು ಕಲಸಿದ ಸಾಟಿಯನ್ನು ಪೂರಿಗಳ ನಡುವೆ ಸವರಿ, ಒಂದರ ಮೇಲೊಂದು ಪೇರಿಸಿ, ಸುರುಳಿ ಸುತ್ತಿ, ಕತ್ತರಿಸಿ, ಒತ್ತಿ ಕರಿಯುವುದೂ ಇದೇ ಶಾಸ್ತ್ರ. ಸೌಟಿನಿಂದ ಬಿಸಿ ಎಣ್ಣೆ ಚಿಮ್ಮಿಸಿದಾಗ ಪದರ ಬಿಚ್ಚಿಕೊಳ್ಳುವ ಚೆಂದವನ್ನು ಯಾವ ಓವನ್ನೂ ತೋರಿಸದು. ಹಾಗಾದರೆ ಹಾಸಿನ ಬದಲು ಚಿರೋಟಿಯನ್ನೇ ಇಟ್ಟರೆ? ಇಡಬೇಡಿ. ಚಿರೋಟಿಯ ಮೇಲೆ ಬಾದಾಮಿ ಹಾಲು ಬೀಳುವುದು ಎಲೆಗೆ ಬಡಿಸಿದ ಮೇಲೆ, ತಿನ್ನುವವನು ಕಾದು ಕೂತಿರುವಾಗ. ಹಾಲು ಬಿದ್ದು ಕಾಲು ಗಂಟೆ ಕಳೆದರೆ ಅದು ಚಿರೋಟಿಯಲ್ಲ, ಪಾಯಸ. ಸ್ಲೈಸಿನ ಹಾಸು ಏಳೆಂಟು ಗಂಟೆ ಒದ್ದೆ ಕಸ್ಟರ್ಡನ್ನು ಹೊತ್ತುಕೊಂಡೂ ಗರಿಗರಿಯಾಗಿರಬೇಕು. ಕರಿದದ್ದಕ್ಕೆ ಆ ತಾಳ್ಮೆಯಿಲ್ಲ, ಒಣಗುವಂತೆ ಬೇಯಿಸಿದ್ದಕ್ಕೆ ಇದೆ. ನಮ್ಮಲ್ಲಿ ಮೊದಲಿಂದಲೂ ಇತ್ತು ಎಂಬ ವಾದವನ್ನು ಇಲ್ಲಿಗೆ ನಿಲ್ಲಿಸತಕ್ಕದ್ದು.

ಹಿಟ್ಟನ್ನು ಎರಡು ಪಾಲು ಮಾಡಿ, ಟ್ರೇ ಅಳತೆಗೆ ಒಂದು ಬೆರಳು ಹೆಚ್ಚಾಗಿಯೇ ಲಟ್ಟಿಸಿ (ಬೇಯುವಾಗ ಕುಗ್ಗುತ್ತದೆ), ಫೋರ್ಕಿನಿಂದ ಮೈತುಂಬ ಚುಚ್ಚಿ, ಮೇಲೊಂದು ಟ್ರೇ ಹೇರಿ, 200 ಡಿಗ್ರಿಯಲ್ಲಿ 25 ನಿಮಿಷ ಬೇಯಿಸಿ. ಕೊನೆಯ ಐದು ನಿಮಿಷ ಮೇಲಿನ ಟ್ರೇ ತೆಗೆಯಿರಿ. ಬಣ್ಣ ಹುರಿದ ಕಡಲೆಬೀಜದ ಸಿಪ್ಪೆಯಷ್ಟಾದರೂ ಕೆಂಪಾಗಬೇಕು. ಬೆಳ್ಳಗಿರುವಾಗಲೇ ಪಾಪ ಸಾಕು ಎಂದು ತೆಗೆಯುವ ಕರುಣಾಳುಗಳಿಂದಲೇ ಈ ತಿಂಡಿ ಕೆಟ್ಟ ಹೆಸರು ಪಡೆದಿರುವುದು.

ನಡುವೆ ಕರೆಂಟ್ ಹೋದರೆ ಓವನ್ನಿನ ಬಾಗಿಲು ತೆರೆಯದೆ ಹತ್ತು ನಿಮಿಷ ಕಾಯಿರಿ. ಬಂದರೆ ಮುಂದುವರಿಸಿ. ಬಾರದಿದ್ದರೆ ದಪ್ಪ ತವದ ಮೇಲೆ ಸಣ್ಣ ಉರಿಯಲ್ಲಿ, ಮೇಲೆ ಭಾರ ಹೇರಿ, ಎರಡೂ ಕಡೆ ಒಣಗಿಸಿ ಮುಗಿಸಬಹುದು. ಅರ್ಧ ಬೆಂದದ್ದಕ್ಕೆ ಮಾತ್ರ ಈ ಉಪಾಯ. ಹಸಿಯದ್ದನ್ನು ತವಕ್ಕೆ ಹಾಕಿದರೆ ಪರೋಟ ಆಗುತ್ತದೆ. ಅದೂ ಕೆಟ್ಟದ್ದೇನಲ್ಲ.

ಕಸ್ಟರ್ಡ್

ಪ್ಯಾಕೆಟ್ಟಿನ ಹಿಂದೆ ಬರೆದ ಅಳತೆ ಫ್ರೂಟ್ ಸಲಾಡಿಗೆ ಸುರಿಯುವ ಕಸ್ಟರ್ಡಿನದು. ಅರ್ಧ ಲೀಟರಿಗೆ ಎರಡು ಚಮಚ ಎಂದಿದ್ದರೆ ಸ್ಲೈಸಿಗೆ ಮೂರು ಪಟ್ಟಾದರೂ ಬೇಕು. ಇದೊಂದನ್ನು ಅರಿಯದೆ ಎಷ್ಟೋ ಮನೆಗಳಲ್ಲಿ ಸ್ಲೈಸನ್ನು ಲೋಟದಲ್ಲಿ ಕುಡಿದಿದ್ದಾರೆ.

ಕಾರ್ನ್‌ಫ್ಲೋರ್, ಕಸ್ಟರ್ಡ್ ಪುಡಿ, ಸಕ್ಕರೆ, ಹಾಕುವುದಾದರೆ ಮೊಟ್ಟೆಯ ಹಳದಿ, ಎಲ್ಲವನ್ನೂ ಒಂದು ಲೋಟ ತಣ್ಣನೆ ಹಾಲಿನಲ್ಲಿ ಗಂಟಿಲ್ಲದೆ ಕಲಸಿ. ಉಳಿದ ಹಾಲು ಕಾಯಿಸಿ. ಕಾದ ಹಾಲನ್ನು ಸೌಟು ಸೌಟಾಗಿ ಕಲಸಿದ್ದಕ್ಕೆ ಸೇರಿಸಿ, ಅಷ್ಟನ್ನೂ ಮತ್ತೆ ಪಾತ್ರೆಗೆ ಸುರಿದು ಒಲೆಗಿಡಿ. ಇಲ್ಲಿಂದ ಕೈ ಬಿಡುವ ಹಾಗಿಲ್ಲ. ಫೋನ್ ರಿಂಗಾದರೆ ಆಗಲಿ. ಹಾಲಿನವನು ಗೇಟು ತಟ್ಟಿದರೆ ತಟ್ಟಲಿ. ಮುದ್ದೆ ತೊಳಸಿದ ಕೈಗಳಿಗೆ ಇದು ಕಷ್ಟವಲ್ಲ. ಜವಳಗಿರಿಯ ಹೆಂಗಸರು ಇದರಲ್ಲಿ ಪ್ಯಾರಿಸ್ಸಿನ ಬಾಣಸಿಗರನ್ನು ಹಿಂದೆ ಹಾಕುವುದು ಖಂಡಿತ. ಕೋಲು ತಳದ ಮೂಲೆಗಳನ್ನು ಮುಟ್ಟಬೇಕು, ಅಷ್ಟೇ.

ಗಟ್ಟಿಯಾದ ಕೂಡಲೇ ಇಳಿಸುವ ಆತುರ ಬೇಡ. ದೊಡ್ಡ ಗುಳ್ಳೆಗಳು ಪುಳಕ್ ಪುಳಕ್ ಎಂದು ಒಡೆಯುವವರೆಗೆ, ಆಮೇಲೂ ಒಂದೆರಡು ನಿಮಿಷ ಕುದಿಯಲಿ. ಪಿಷ್ಟದ ಹಸಿವಾಸನೆ ಹೋಗುವುದು ಆಗಲೇ. ಮೊಟ್ಟೆ ಹಾಕಿದವರಿಗೆ ಇನ್ನೊಂದು ಕಾರಣವೂ ಇದೆ: ಹಳದಿಯಲ್ಲಿರುವ ಆಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ತಿಂದು ನೀರು ಮಾಡುವಂಥದ್ದು. ಚೆನ್ನಾಗಿ ಕುದಿಸಿ ಅದನ್ನು ಕೊಲ್ಲದಿದ್ದರೆ, ರಾತ್ರಿ ಗಟ್ಟಿಯಾಗಿ ಮಲಗಿದ ಕಸ್ಟರ್ಡ್ ಬೆಳಗ್ಗೆ ನೀರಾಗಿ ಏಳುತ್ತದೆ. ಇಷ್ಟು ಕುದಿಸಿದರೆ ಮೊಟ್ಟೆ ಒಡೆಯುವುದಿಲ್ಲವೇ ಎಂದರೆ, ಪಿಷ್ಟ ಜೊತೆಗಿರುವವರೆಗೆ ಒಡೆಯದು. ನಮ್ಮ ಸೀಮೆ ಸಮುದ್ರದಿಂದ ಎಂಟೊಂಬತ್ತು ನೂರು ಮೀಟರ್ ಎತ್ತರದಲ್ಲಿರುವುದರಿಂದ ನೀರು 97 ಡಿಗ್ರಿಗೇ ಕುದಿಯುತ್ತದೆ; ಆ ಮೂರು ಡಿಗ್ರಿಯ ಕೊರತೆಗೂ ಸೇರಿಸಿ ಅರ್ಧ ನಿಮಿಷ ಹೆಚ್ಚು ಕುದಿಸಿದರೆ ನಷ್ಟವಿಲ್ಲ.

ಇಳಿಸಿ, ಬೆಣ್ಣೆ, ವೆನಿಲ್ಲಾ ಸೇರಿಸಿ, ಐದು ನಿಮಿಷ ಆರಿಸಿ, ಇನ್ನೂ ಸುರಿಯಲು ಬರುವಾಗಲೇ ಟ್ರೇಯಲ್ಲಿನ ಹಾಸಿನ ಮೇಲೆ ಸುರಿಯಿರಿ. ಪಾತ್ರೆಯಲ್ಲೇ ಗಟ್ಟಿಯಾದದ್ದನ್ನು ಕದಡಿ ಸುರಿದರೆ ಒಮ್ಮೆ ಕಟ್ಟಿದ ಪಿಷ್ಟ ಮುರಿದು ನೀರು ಬಿಡುತ್ತದೆ. ಕೆನೆ ಕಟ್ಟದಿರಲು ತುಪ್ಪ ಸವರಿದ ಬಾಳೆಲೆಯನ್ನು ಮೇಲ್ಮೈಗೆ ತಾಗುವಂತೆ ಹಾಸಿ. ಪೇಟೆಯವರು ಇದಕ್ಕೆ ಪ್ಲಾಸ್ಟಿಕ್ ಬಳಸುತ್ತಾರೆ, ಎಲೆಯ ವಾಸನೆ ಅವರಿಗೆ ಸಿಗುವುದಿಲ್ಲ. ನಾಲ್ಕು ಗಂಟೆ ಫ್ರಿಜ್ಜು.

ಜೋಡಣೆ

ಮೇಲಿನ ಹಾಸನ್ನು ಕಸ್ಟರ್ಡಿನ ಮೇಲಿಟ್ಟು ಆಮೇಲೆ ಚಾಕು ಒತ್ತಿದರೆ ಹಾಸು ಮುರಿಯದೆ ಕಸ್ಟರ್ಡ್ ನಾಲ್ಕೂ ಕಡೆ ಹೊರನುಗ್ಗುತ್ತದೆ. ಆದ್ದರಿಂದ ಮೇಲಿನದನ್ನು ಮೊದಲೇ ಒಂಬತ್ತು ಚೌಕವಾಗಿ ಗರಗಸದ ಹಲ್ಲಿನ ಚಾಕುವಿನಿಂದ ಕೊಯ್ದುಕೊಳ್ಳಿ. ಬಾಳೆಲೆ ತೆಗೆದು, ಚೌಕಗಳನ್ನು ಸಾಲಾಗಿ ಜೋಡಿಸಿ, ಸಂದುಗಳಲ್ಲಿ ಬಿಸಿನೀರಿಗೆ ಅದ್ದಿ ಒರೆಸಿದ ಚಾಕು ಇಳಿಸಿ. ಸಕ್ಕರೆ ಪುಡಿ ಉದುರಿಸಿ. ಮಿಕ್ಕ ಚೂರುಪಾರು ಮಕ್ಕಳ ಪಾಲು. ಅವು ಬೆಳಗಿನಿಂದ ಬಾಗಿಲ ಬಳಿ ನಿಂತಿವೆ.

ಮಾವಿನ ಪ್ರಿಯರಿಗೆ ಒಂದು ಮಾತು. ಕೃಷ್ಣಗಿರಿ ಮಾವಿನ ತಿರುಳಿನ ಕಾರ್ಖಾನೆಗಳ ಜಿಲ್ಲೆ, ಗಿಳಿಮೂತಿ ಮಾವು ಲಾರಿಗಟ್ಟಲೆ ಅಲ್ಲಿಗೆ ಹೋಗುತ್ತದೆ. ಹಾಲಿನಲ್ಲಿ ಕಾಲು ಭಾಗ ಕಡಿಮೆ ಮಾಡಿ, ಅಷ್ಟೇ ತಿರುಳನ್ನು ಕಸ್ಟರ್ಡ್ ಕುದ್ದು ಇಳಿಸುವ ಮುನ್ನ ಸೇರಿಸಿದರೆ ಸೊಗಸು. ರಾಗಿ ಅಭಿಮಾನಿಗಳಿಗೆ: ಮೈದಾದ ಜಾಗಕ್ಕೆಲ್ಲ ರಾಗಿ ಹಾಕಿ ಪದರ ಎಬ್ಬಿಸುವ ಆಸೆ ಬಿಡಿ, ರಾಗಿಗೆ ಜಿಗುಟಿಲ್ಲ, ಲಟ್ಟಿಸುವಾಗಲೇ ಬಿರಿಯುತ್ತದೆ. 200 ಗ್ರಾಮಿನಲ್ಲಿ 60 ಗ್ರಾಂ ಹುರಿಹಿಟ್ಟು ಬೆರೆಸಿ, ಮಡಿಕೆಯ ಗೊಡವೆಯಿಲ್ಲದೆ ಬಿಸ್ಕತ್ತಿನ ಹಾಸು ಮಾಡಿಕೊಳ್ಳಬಹುದು. ಘಮ ಬೇರೆಯೇ.

ತಿನ್ನುವವರ ಹೊಂದಾಣಿಕೆ

ಯಾವ ಪುಸ್ತಕದಲ್ಲೂ ಇಲ್ಲದ, ಎಲ್ಲಕ್ಕಿಂತ ಕಷ್ಟದ ಹಂತ ಇದು. ಹಾಸು ಬೆಂದಿದ್ದು ಬೆಳಿಗ್ಗೆ ಎಂಟಕ್ಕೆ, ಕಸ್ಟರ್ಡ್ ಸುರಿದದ್ದು ಒಂಬತ್ತಕ್ಕೆ, ಅದು ಕಟ್ಟಿದ್ದು ಮಧ್ಯಾಹ್ನ ಒಂದಕ್ಕೆ. ಸಂಜೆ ಐದಾರರ ಹೊತ್ತಿಗೆ ಕೆಳಹಾಸು ತೇವ ಹೀರಿ ಸೋಲತೊಡಗುತ್ತದೆ. ಅಂದರೆ ಒಂದರಿಂದ ಐದರೊಳಗೆ ತಿನ್ನುವವರು ಎದುರಿಗಿರಬೇಕು. ಅದೇ ಹೊತ್ತಿಗೆ ಗಂಡಸರು ರಾಗಿ ಮೆದೆ ಕಾಯುವ ಸರದಿಗಾಗಿ ನಿದ್ದೆ ತೆಗೆಯುತ್ತಿರುತ್ತಾರೆ, ಮಕ್ಕಳು ಸ್ಕೂಲಿನಲ್ಲಿ, ಹೊಸೂರಿನ ಫ್ಯಾಕ್ಟರಿ ಶಿಫ್ಟಿನವರು ಬರುವುದು ರಾತ್ರಿಗೆ, ಬೆಂಗಳೂರಿನಿಂದ ಬರುತ್ತೇನೆಂದ ನಾದಿನಿ ಆನೇಕಲ್ಲಿನಲ್ಲಿ ಬಸ್ಸು ತಪ್ಪಿಸಿಕೊಂಡಿರುತ್ತಾಳೆ. ಭಾನುವಾರವೇ ಮಾಡಿ. ನೆಂಟರಿಗೆ ಊಟಕ್ಕೆ ಬನ್ನಿ ಎನ್ನಬೇಡಿ, ಊಟಕ್ಕೆ ಕರೆದರೆ ಮೂರಕ್ಕೆ ಬರುತ್ತಾರೆ. ಹನ್ನೊಂದಕ್ಕೆ ಪೂಜೆ ಇದೆ ಎನ್ನಿ, ಒಂದಕ್ಕೆ ಬರುತ್ತಾರೆ.

ಅಜ್ಜಿಗೆ ಮೊದಲ ಚೌಕ. ಆಕೆ ಅದನ್ನು ಬೆಳಕಿಗೆ ಹಿಡಿದು, ಮೇಲಿನ ಹಾಸನ್ನು ಬೆರಳಿನಿಂದ ಎತ್ತಿ ಪಕ್ಕಕ್ಕಿಟ್ಟು, ನಡುವಿನ ಹಳದಿಯನ್ನು ಒತ್ತಿ ನೋಡಿ, “ಇದೇನವ್ವ, ಆಲುಬಾಯಿಗೆ ಚಾಪೆ ಆಸಿದ್ದೀಯಾ?” ಎನ್ನುತ್ತಾಳೆ. ಇದು ದೋಷವಲ್ಲ, ರಿಪೇರಿ ಬೇಕಿಲ್ಲ. ಎರಡನೆಯ ಚೌಕಕ್ಕೆ ಆಕೆ ತಾನಾಗಿಯೇ ಕೈ ಚಾಚಿದರೆ ಉತ್ಪನ್ನ ಪಾಸಾಯಿತೆಂದು ತಿಳಿಯತಕ್ಕದ್ದು.

ದೋಷ ಮತ್ತು ಪರಿಹಾರ

ಕಸ್ಟರ್ಡ್ ಹರಿಯುತ್ತಿದೆ: ಕುದಿ ಸಾಲದು, ಇಲ್ಲವೇ ಪುಡಿ ಸಾಲದು. ಬಟ್ಟಲಿಗೆ ಹಾಕಿ, ಹಾಸನ್ನು ಪುಡಿಮಾಡಿ ಮೇಲೆ ಉದುರಿಸಿ, ಹೀಗೇ ಮಾಡುವುದು ಎಂದು ಹೇಳಿ. ಹಾಸು ಒಂದು ಕಡೆ ಎದ್ದು ಇನ್ನೊಂದು ಕಡೆ ಕೂತಿದೆ: ಲಟ್ಟಿಸಿದ್ದು ಸಮನಿರಲಿಲ್ಲ, ಎದ್ದ ಕಡೆಯನ್ನು ನೆಂಟರಿಗೆ ತಿರುಗಿಸಿ ಇಡಿ. ಬೇಯುವಾಗ ಬೆಣ್ಣೆ ಟ್ರೇಗೆ ಹರಿದುಬಂತು: ಓವನ್ ಸಾಕಷ್ಟು ಕಾಯದೆ ಒಳಗಿಟ್ಟಿದ್ದೀರಿ. ಉಳಿದ ಮೊಟ್ಟೆಯ ಬಿಳಿ ಏನು ಮಾಡುವುದು: ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಆಮ್ಲೆಟ್.

ಖಾತರಿ

ಕತ್ತರಿಸಿದ ದಿನದ ಸಂಜೆಯವರೆಗೆ ಮಾತ್ರ. ಮಾರನೆಯ ದಿನ ರುಚಿಗೆ ಮೋಸವಿಲ್ಲ, ಸದ್ದು ಮಾತ್ರ ಇರುವುದಿಲ್ಲ. ಎರಡು ದಿನದ ಮೇಲೆ ಇಡಬೇಡಿ, ಹಾಲಿನ ಪದಾರ್ಥ. ಕರೆಂಟ್, ಬಸ್ಸು, ನಾದಿನಿ ಮತ್ತು ಆನೆಯಿಂದಾದ ನಷ್ಟಕ್ಕೆ ಕೈಪಿಡಿ ಹೊಣೆಯಲ್ಲ. ಇಷ್ಟೆಲ್ಲ ಓದಿಯೂ ಮೇ ತಿಂಗಳಲ್ಲೇ ಮಾಡಬೇಕೆನಿಸಿದರೆ, ದಯವಿಟ್ಟು ಹಾಲುಬಾಯಿ ಮಾಡಿ.